ಟ್ರಿಗರ್‌ಗೆ ಕಟ್ಟಿದ ಟ್ಯೂಬ್ ಬಿಚ್ಚಿ: ಲಾರಿ ತೊಳೆಯುವವರಿಗೆ ಒಂದಿಷ್ಟು

ಬಳ್ಳಾರಿಯಿಂದ ಕುಡತಿನಿ, ತೋರಣಗಲ್ಲು ದಾಟಿ ಹೊಸಪೇಟೆ ಕಡೆ ಹೋಗುವ ಹೆದ್ದಾರಿಯಲ್ಲಿ ವಾಟರ್ ಸರ್ವಿಸ್ ಬೋರ್ಡುಗಳಿಗೆ ಬರವಿಲ್ಲ. ಸಂಡೂರಿನ ಅದಿರು ಹೊತ್ತ ಟಿಪ್ಪರುಗಳು, ಕುಡತಿನಿ ಮತ್ತು ಶಕ್ತಿನಗರದ ಬೂದಿ ಲಾರಿಗಳು, ಗಂಗಾವತಿ, ಸಿಂಧನೂರಿನ ಭತ್ತದ ಲೋಡುಗಳು ಎಲ್ಲವೂ ಎಲ್ಲೋ ಒಂದು ಕಡೆ ನಿಂತು ಮೈ ತೊಳೆಸಿಕೊಳ್ಳಲೇಬೇಕು. ಅಲ್ಲಿ ನೀರು ಚಿಮ್ಮಿಸುವ ಗನ್ ಹಿಡಿದ ಹುಡುಗನ ಕಾಲಲ್ಲಿ ಹವಾಯಿ ಚಪ್ಪಲಿ, ಮೊಣಕಾಲವರೆಗೆ ಮಡಚಿದ ಪ್ಯಾಂಟು. ಗನ್ನಿನ ಟ್ರಿಗರ್‌ಗೆ ಸೈಕಲ್ ಟ್ಯೂಬಿನ ತುಂಡು ಬಿಗಿದಿರುತ್ತಾರೆ, ಬೆರಳು ನೋಯಬಾರದು ಅಂತ. ಕೇಳಿದರೆ ಒಂದೇ ಮಾತು: "ನೀರೇ ಅಲ್ಲೇನಣ್ಣ, ಏನಾಗ್ತದ?"

ಏನಾಗುತ್ತದೆ ಅನ್ನುವುದಕ್ಕೆ ಮೊದಲು ಸ್ವಲ್ಪ ಲೆಕ್ಕ. ನಮ್ಮ ಕಡೆ ಎರಡು ಥರದ ಪಂಪು ಓಡುತ್ತವೆ. ಒಂದು, ಔಷಧಿ ಹೊಡೆಯುವ ಪಂಪಿನ ಜಾತಿಯದು: ಮೂರು ಪಿಸ್ಟನ್, ಬೆಲ್ಟ್, ಪಕ್ಕದಲ್ಲಿ ಮೋಟಾರು, 30-40 ಬಾರ್ ಒತ್ತಡ. ಇನ್ನೊಂದು ನಿಜವಾದ ಪ್ರೆಷರ್ ವಾಷರ್, 100ರಿಂದ 200 ಬಾರ್. ಗೇಜಿನಲ್ಲಿ ಕೆ.ಜಿ. (ಚದರ ಸೆಂ.ಮೀ.ಗೆ) ಎಂದು ಬರೆದಿದ್ದರೂ ಹೆಚ್ಚುಕಮ್ಮಿ ಅದೇ. ಮನುಷ್ಯನ ಚರ್ಮ ತೂತಾಗಲು ಸುಮಾರು 7 ಬಾರ್, ಅಂದರೆ 100 ಪಿಎಸ್‌ಐ ಸಾಕು. ಹಾಗಾಗಿ "ನಮ್ಮದು ಚಿಕ್ಕ ಪಂಪು" ಅನ್ನುವ ಸಮಾಧಾನಕ್ಕೆ ಅರ್ಥವಿಲ್ಲ. 150 ಬಾರ್‌ನಲ್ಲಿ ನಾಜಲ್‌ನಿಂದ ಹೊರಡುವ ನೀರಿನ ವೇಗ ಸೆಕೆಂಡಿಗೆ 170 ಮೀಟರ್ ದಾಟುತ್ತದೆ. ನಿಮಿಷಕ್ಕೆ 15 ಲೀಟರ್ ಹೋಗುವ ಪಂಪಾದರೆ ಗನ್ನು ನಿಮ್ಮನ್ನು ಹಿಂದಕ್ಕೆ ತಳ್ಳುವ ಬಲ ನಾಲ್ಕೂವರೆ ಕೆ.ಜಿ.ಯಷ್ಟು. ನೆಲದಲ್ಲಿ ನಿಂತವನಿಗೆ ಇದು ಲೆಕ್ಕಕ್ಕಿಲ್ಲ. ಟಿಪ್ಪರಿನ ಬಾಡಿ ಅಂಚಿನ ಮೇಲೆ ಸೋಪಿನ ನೀರಿನಲ್ಲಿ ನಿಂತವನನ್ನು ಕೆಡವಲು ಅಷ್ಟೇ ಧಾರಾಳ. ಏಣಿ ಮೇಲೆ ನಿಂತು, ಬಾಡಿ ಅಂಚು ಹತ್ತಿ ಗನ್ ಹೊಡೆಯುವುದನ್ನು ಬಿಟ್ಟುಬಿಡಿ. ಒಂದೂವರೆ ಎರಡು ಮೀಟರ್ ಉದ್ದದ ಲ್ಯಾನ್ಸ್, ಅಂದರೆ ಗನ್ನಿನ ಮುಂದಿನ ಕೊಳವೆ, ಹಾಕಿಕೊಂಡರೆ ನೆಲದಿಂದಲೇ ಕೈಗೆಟುಕುತ್ತದೆ.

ಈಗ ಆ ಸೈಕಲ್ ಟ್ಯೂಬಿನ ವಿಷಯ. ಟ್ರಿಗರ್ ಇರುವುದೇ ಕೈ ಜಾರಿದ ಕೂಡಲೇ ನೀರು ನಿಲ್ಲಲಿ ಎಂದು. ಅದನ್ನು ಕಟ್ಟಿಹಾಕಿದ ಮೇಲೆ ಗನ್ನು ಕೈಯಿಂದ ಜಾರಿದರೆ ಲ್ಯಾನ್ಸ್ ಹೊಡೆತ ತಿಂದ ಹಾವಿನಂತೆ ನೆಲದಲ್ಲಿ ಹೊರಳಾಡುತ್ತದೆ. ಎದುರಿಗೆ ಸಿಕ್ಕಿದ ಕಾಲು, ಮುಖ ಯಾರದೆಂದು ನೋಡುವುದಿಲ್ಲ. ಔಷಧಿ ಪಂಪಿನ ಗನ್ನುಗಳಲ್ಲಿ ಎಷ್ಟೋ ಸಲ ಟ್ರಿಗರೇ ಇರುವುದಿಲ್ಲ, ಹಿಡಿ ತಿರುಗಿಸಿದರೆ ನೀರು. ಅಂಥವನ್ನು ತೆಗೆದು ಟ್ರಿಗರ್ ಗನ್ ಹಾಕಿಸಿ, ಆದರೆ ಪಂಪಿನಲ್ಲಿ ಬೈಪಾಸ್ ಸರಿ ಇದೆಯೇ ನೋಡಿಕೊಂಡು. ಟ್ರಿಗರ್ ಬಿಟ್ಟಾಗ ನೀರು ಟ್ಯಾಂಕಿಗೆ ವಾಪಸ್ ಹೋಗಬೇಕು. ವಾಪಸ್ ಪೈಪನ್ನು ಪಂಪಿನ ಬಾಯಿಗೇ ಸುತ್ತಿಕೊಟ್ಟಿದ್ದರೆ ಅದೇ ನೀರು ಒಳಗೇ ಸುತ್ತಿ ಎರಡು ಮೂರು ನಿಮಿಷದಲ್ಲಿ ಕಾಯುತ್ತದೆ, ಸೀಲುಗಳು ಹೋಗುತ್ತವೆ. ಊಟಕ್ಕೆ ಹೋಗುವಾಗ ಮೋಟಾರು ಆಫ್ ಮಾಡಿ ಅನ್ನುವುದು ಅದಕ್ಕೇ.

ಪ್ರೆಷರ್ ಕಮ್ಮಿಯಾದರೆ ನಮ್ಮವರು ಮೊದಲು ಕೈ ಹಾಕುವುದು ಅನ್‌ಲೋಡರಿನ (ಪಂಪಿನ ಒತ್ತಡ ಹಿಡಿತದಲ್ಲಿಡುವ ವಾಲ್ವು) ಸ್ಪ್ರಿಂಗಿಗೆ. ಸ್ಪಾನರ್ ಹಾಕಿ ಎರಡು ಸುತ್ತು ಬಿಗಿ. ಸಾಮಾನ್ಯವಾಗಿ ತಪ್ಪು ಅಲ್ಲಿರುವುದಿಲ್ಲ, ನಾಜಲ್‌ನಲ್ಲಿ ಇರುತ್ತದೆ. ನಮ್ಮ ಬೋರ್ ನೀರಿನಲ್ಲಿ ಬರುವ ಸಣ್ಣ ಮರಳು ನಾಜಲ್ ತೂತನ್ನು ತಿನ್ನುತ್ತದೆ. ತೂತಿನ ಅಗಲ ನೂರಕ್ಕೆ ಹತ್ತರಷ್ಟು ಹೆಚ್ಚಾದರೆ ಸಾಕು, 150 ಬಾರ್ ಇದ್ದದ್ದು 100ರ ಆಸುಪಾಸಿಗೆ ಇಳಿಯುತ್ತದೆ. ಸ್ಪ್ರಿಂಗ್ ಬಿಗಿ ಮಾಡಿದವನು ಆಮೇಲೆ ಹೊಸ ನಾಜಲ್ ಹಾಕಿದಾಗ ಒತ್ತಡ ಪೈಪಿನ ತಾಕತ್ತು ಮೀರಿ ಏರುತ್ತದೆ, ಪೈಪು ಸಿಡಿಯುತ್ತದೆ. ಮೊದಲು ಫಿಲ್ಟರ್ ತೊಳೆಯಿರಿ, ಆಮೇಲೆ ನಾಜಲ್ ಬದಲಿಸಿ, ಆಮೇಲೆ ವಾಲ್ವು ಸೀಲು ನೋಡಿ. ಸ್ಪ್ರಿಂಗಿನ ತಂಟೆಗೆ ಹೋಗುವುದಿದ್ದರೆ ಗೇಜ್ ನೋಡುತ್ತಲೇ ಹೋಗಬೇಕು. ಪೈಪಿನ ಮೇಲಿನ ರಬ್ಬರ್ ಸವೆದು ಒಳಗಿನ ತಂತಿ ಕಂಡರೆ, ಅಥವಾ ಎಲ್ಲಾದರೂ ಗುಳ್ಳೆಯಂತೆ ಉಬ್ಬಿದ್ದರೆ, ಆ ಪೈಪಿನ ಆಯುಸ್ಸು ಮುಗಿಯಿತು. ಟ್ಯೂಬ್ ಸುತ್ತಿ ಕ್ಲಿಪ್ ಹಾಕುವ ವೈದ್ಯ ಬೇಡ.

ನಾಜಲ್ ಬಣ್ಣ ನೆನಪಿರಲಿ: ಕೆಂಪು ಅಂದರೆ ಸೊನ್ನೆ ಡಿಗ್ರಿ, ಸೂಜಿಯಂಥ ಧಾರೆ. ಹಳದಿ 15, ಹಸಿರು 25, ಬಿಳಿ 40. ಕಪ್ಪು ಸೋಪಿಗೆ. ನನ್ನನ್ನು ಕೇಳಿದರೆ ಲಾರಿ ತೊಳೆಯುವ ಜಾಗದಲ್ಲಿ ಕೆಂಪು ನಾಜಲ್ ಇಡಲೇಬಾರದು. ಚಾಸಿಯ ಗಟ್ಟಿ ಕೆಸರಿಗೆ ಹಳದಿ, ಉಳಿದದ್ದಕ್ಕೆ ಹಸಿರು ಸಾಕು. ಟೈರಿನ ಪಕ್ಕಕ್ಕೆ 30 ಸೆಂ.ಮೀ. ಒಳಗೆ ನಾಜಲ್ ಒಯ್ಯಬೇಡಿ. ಧಾರೆ ಟೈರಿನ ನೂಲನ್ನು ಕತ್ತರಿಸಿದರೆ ಮೇಲೆ ಏನೂ ಕಾಣುವುದಿಲ್ಲ, ಲೋಡ್ ಬಿದ್ದ ಮೇಲೆ ರಸ್ತೆಯಲ್ಲಿ ಸಿಡಿಯುತ್ತದೆ.

ಧಾರೆ ಕೈಗೆ ಬಡಿದರೆ ಗಾಯ ಹೇಗಿರುತ್ತದೆ ಎಂದು ಎಲ್ಲರಿಗೂ ತಿಳಿದಿರಬೇಕು, ಯಾಕೆಂದರೆ ಮೋಸ ಅಲ್ಲೇ ಇದೆ. ಬಲಗೈಯವರಿಗೆ ಹೆಚ್ಚಾಗಿ ಎಡಗೈ ತೋರುಬೆರಳಿಗೆ ಆಗುತ್ತದೆ: ನಾಜಲ್ ಕಟ್ಟಿಕೊಂಡಿದೆಯೇ ಎಂದು ಬೆರಳಿಟ್ಟು ನೋಡುವಾಗ, ಒರೆಸುವಾಗ. ಒಂದು ಚುಕ್ಕೆ, ಮುಳ್ಳು ಚುಚ್ಚಿದಷ್ಟು. ರಕ್ತ ಬಂದರೂ ಒಂದೆರಡು ಹನಿ. ಮೊದಲ ಗಂಟೆ ನೋವು ಕಮ್ಮಿ, ಬೆರಳು ಜೋಮು ಹಿಡಿದಂತೆ, ಆಮೇಲೆ ಬಿಗಿದುಕೊಂಡು ಊದುತ್ತದೆ. ಕೆಲವೊಮ್ಮೆ ಒತ್ತಿದರೆ ಚರ್ಮದ ಕೆಳಗೆ ಚರಚರ ಅನ್ನುತ್ತದೆ, ನೀರಿನ ಜೊತೆ ಗಾಳಿ ಹೋಗಿರುತ್ತದೆ. ಒಳಗೆ ಆಗಿರುವುದು ಬೇರೆಯೇ: ಕೊಳಕು ನೀರು, ಮಣ್ಣು, ಗ್ರೀಸು, ಸೋಪು ಎಲ್ಲ ನರ, ಸ್ನಾಯುರಜ್ಜುಗಳ ಪಕ್ಕದಲ್ಲೇ ಅಂಗೈವರೆಗೂ ನುಗ್ಗಿರಬಹುದು. ಅರಿಶಿನ ಹಚ್ಚಿ ಬಟ್ಟೆ ಕಟ್ಟಿ ಸಂಜೆವರೆಗೆ ಕೆಲಸ ಮಾಡಿದರೆ ಬೆರಳು ಕಳೆದುಕೊಳ್ಳುವ ದಾರಿ ಅದು. ಬರೀ ನೀರಾದರೆ ಪೇಂಟು, ಗ್ರೀಸಿನಷ್ಟು ಕೆಟ್ಟದ್ದಲ್ಲ ನಿಜ, ಆದರೆ ನಮ್ಮ ಗನ್ನಿನಲ್ಲಿ ಬರೀ ನೀರು ಯಾವಾಗ ಬರುತ್ತದೆ?

ಹಾಗಾದ ಕೂಡಲೇ ಗಾಯವನ್ನು ಹಿಂಡಬೇಡಿ, ಬಿಗಿಯಾಗಿ ಕಟ್ಟಬೇಡಿ. ಉಂಗುರ ತೆಗೆಯಿರಿ, ಕೈ ಎದೆಗಿಂತ ಮೇಲೆ ಇರಲಿ. ಏನೂ ತಿನ್ನಿಸಬೇಡಿ, ಆಪರೇಷನ್ ಬೇಕಾಗಬಹುದು. ಊರಿನ ಕ್ಲಿನಿಕ್ಕಿನಲ್ಲಿ ಟಿ.ಟಿ. ಚುಚ್ಚಿಸಿ ಮನೆಗೆ ಹೋಗಬೇಡಿ. ಸರ್ಜನ್ ಇರುವ ದೊಡ್ಡ ಆಸ್ಪತ್ರೆಗೇ ಹೋಗಿ, ಬಳ್ಳಾರಿಯಲ್ಲಿ ವಿಮ್ಸ್ (ಈಗಿನ ಹೆಸರು ಬಿಎಂಸಿಆರ್‌ಸಿ), ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್. ಆರು ಗಂಟೆಯ ಒಳಗೆ ಸ್ವಚ್ಛ ಮಾಡಿದರೆ ಬೆರಳು ಉಳಿಯುವ ಅವಕಾಶ ಹೆಚ್ಚು. ಕ್ಯಾಶುವಾಲ್ಟಿಯಲ್ಲಿ "ಕೈಗೆ ಚುಚ್ಚಿಕೊಂಡಿದೆ" ಎಂದರೆ ಪ್ಲಾಸ್ಟರ್ ಹಚ್ಚಿ ಕಳಿಸಿಬಿಡಬಹುದು. ಹೇಳಬೇಕಾದ್ದು ಹೀಗೆ: ಹೈ ಪ್ರೆಷರ್ ಇಂಜೆಕ್ಷನ್ ಗಾಯ, ಇಷ್ಟು ಬಾರ್, ನೀರಿನಲ್ಲಿ ಇಂಥ ಕೆಮಿಕಲ್, ಇಷ್ಟು ಗಂಟೆಗೆ ಆಯಿತು. ಇದನ್ನೇ ಪೇಂಟಿನಲ್ಲಿ ಪಂಪಿನ ಪಕ್ಕದ ಗೋಡೆಗೆ ಬರೆದಿಡಿ. ಗ್ಲೌಸು ಈ ಧಾರೆಯನ್ನು ತಡೆಯುವುದಿಲ್ಲ, ಅದು ಕೆಮಿಕಲ್ಲಿಗೆ, ಜಾರದಿರುವುದಕ್ಕೆ.

ಆದರೂ ಸರ್ವಿಸ್ ಸ್ಟೇಷನ್ನಿನಲ್ಲಿ ನನಗೆ ಹೆಚ್ಚು ಭಯ ಧಾರೆಯದಲ್ಲ, ಕರೆಂಟಿನದು. ಒದ್ದೆ ಮೈ, ಒದ್ದೆ ನೆಲ, ಕಬ್ಬಿಣದ ಪಂಪು, ಕಬ್ಬಿಣದ ಲಾರಿ. ಮೋಟಾರಿನ ವೈಂಡಿಂಗಿಗೆ ತೇವ ಹೊಕ್ಕು ಅದರ ಮೈಗೆ ಕರೆಂಟು ಬಂದರೆ, ಅದು ಲ್ಯಾನ್ಸಿನವರೆಗೂ ಬರಬಹುದು. ಪೈಪಿನ ಒಳಗೆ ತಂತಿ ಹೆಣಿಗೆ ಇದೆಯಲ್ಲ.

ಪರಿಹಾರ ಎರಡು, ಎರಡೂ ಬೇಕು. ಒಂದು ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್ಚು, 30 ಮಿಲಿಆಂಪಿನದು. ಅಂಗಡಿಯವರು 100 ಅಥವಾ 300 ಮಿಲಿಆಂಪಿನದನ್ನು ಕೊಟ್ಟು "ಇದೂ ಅದೇ, ಸುಮ್ಮಸುಮ್ಮನೆ ಟ್ರಿಪ್ ಆಗಲ್ಲ" ಅನ್ನುತ್ತಾರೆ. ಆಗುವುದಿಲ್ಲ, ನಿಜ. ಅದು ಬೆಂಕಿ ತಡೆಯಲು. ಮನುಷ್ಯನ ಹೃದಯ ಅಷ್ಟು ಕಾಯುವುದಿಲ್ಲ. ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ, ಬೀಳದಿದ್ದರೆ ಬದಲಿಸಿ. ಓವರ್‌ಲೋಡಿಗೆ ಬೀಳುವ ಎಂಸಿಬಿ ಬೇರೆ, ಇದು ಬೇರೆ. ಆರ್‌ಸಿಸಿಬಿ ಪದೇಪದೇ ಬೀಳುತ್ತಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಮೋಟಾರಿಗೆ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರು) ಹಾಕಿಸಿ: 500 ವೋಲ್ಟ್ ಮೆಗ್ಗರಿನಲ್ಲಿ ಒಂದು ಮೆಗಾಓಮ್‌ಗಿಂತ ಕಮ್ಮಿ ತೋರಿಸಿದರೆ ಮೋಟಾರು ಒಣಗಿಸಬೇಕು ಅಥವಾ ರೀವೈಂಡ್ ಮಾಡಿಸಬೇಕು. ಎಷ್ಟೋ ಕಡೆ ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿ ಡೈರೆಕ್ಟ್ ಕೊಟ್ಟಿರುತ್ತಾರೆ. ಟ್ರಿಪ್ ಆಗುವುದು ಅದರ ಕೆಟ್ಟ ಚಟವಲ್ಲ ಮಾರಾಯರೇ, ಅದರ ಕೆಲಸ.

ಇನ್ನೊಂದು ಅರ್ಥಿಂಗ್. ನಮ್ಮ ಎರೆ ಭೂಮಿಯ ಗುಣ ನಿಮಗೆ ಗೊತ್ತೇ ಇದೆ. ಮಳೆಗಾಲದಲ್ಲಿ ಕಾಲು ಕಿತ್ತಿಡಲಾಗದಂತೆ ಅಂಟುತ್ತದೆ, ಏಪ್ರಿಲ್‌ನಲ್ಲಿ ಕೈ ಹಿಡಿಸುವಷ್ಟು ಅಗಲದ ಬಿರುಕು. ಹಸಿ ಎರೆಮಣ್ಣು ಕರೆಂಟನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ. ಒಣಗಿದಾಗ ಮಣ್ಣು ಕುಗ್ಗಿ ಅರ್ಥ್ ಪೈಪಿನಿಂದ ದೂರ ಸರಿಯುತ್ತದೆ, ಸುತ್ತ ಗಾಳಿ ಮಾತ್ರ ಉಳಿಯುತ್ತದೆ. ಅಂದರೆ ಆಗಸ್ಟಿನಲ್ಲಿ ಟೆಸ್ಟ್ ಮಾಡಿ ಸರಿ ಎಂದ ಅರ್ಥಿಂಗ್ ಮೇ ತಿಂಗಳಲ್ಲಿ ಹೆಸರಿಗೆ ಮಾತ್ರ ಇರುತ್ತದೆ. ಕನಿಷ್ಠ ಎರಡೂವರೆ ಮೀಟರ್ ಉದ್ದದ, 40 ಮಿ.ಮೀ. ಜಿಐ ಪೈಪು, ಕೆಳಭಾಗದಲ್ಲಿ ತೂತುಗಳು, ಸುತ್ತ ಇದ್ದಿಲು ಮತ್ತು ಉಪ್ಪಿನ ಪದರ, ಮೇಲೆ ನೀರು ಹಾಕಲು ಫನೆಲ್ ಮತ್ತು ಮುಚ್ಚಳ. ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ ಎರಡೆರಡು ಕೊಡ ನೀರು. ಟೆಸ್ಟ್ ಮಾಡಿಸುವುದಿದ್ದರೆ ಮೇ ತಿಂಗಳಲ್ಲೇ ಮಾಡಿಸಿ, 5 ಓಮ್ ಒಳಗೆ ಬರಲಿ. ಅರ್ಥ್ ಬದಲು ನ್ಯೂಟ್ರಲನ್ನೇ ಮೋಟಾರಿನ ಬಾಡಿಗೆ ಕಟ್ಟುವ ಜಾಣತನ ಕೆಲವರದು. ಆ ನ್ಯೂಟ್ರಲ್ ಎಲ್ಲಾದರೂ ಕಡಿದ ದಿನ ಪಂಪಿನ ಮೈಯೆಲ್ಲ ಕರೆಂಟು.

ಸ್ಟಾರ್ಟರ್ ಡಬ್ಬಿ ನೀರು ಹಾರದ ಗೋಡೆಯ ಮೇಲೆ, ಎದೆ ಎತ್ತರಕ್ಕೆ. ಕೇಬಲ್ ಮೇಲಿಂದ ಬರಲಿ, ನೆಲದ ನೀರಿನಲ್ಲಿ ಟೇಪು ಸುತ್ತಿದ ಜಾಯಿಂಟು ಇರಬಾರದು. ಕೆಳಗೆ ಗುಂಡಿಯಲ್ಲಿ ನಿಂತು ಚಾಸಿ ನೋಡುವ ಕೈದೀಪ 24 ವೋಲ್ಟಿನದಾಗಿರಲಿ, 230 ವೋಲ್ಟಿನ ಬಲ್ಬನ್ನು ವೈರಿಗೆ ಕಟ್ಟಿ ಇಳಿಸಬೇಡಿ. ಯಾರಿಗಾದರೂ ಶಾಕ್ ಹೊಡೆದು ಅಂಟಿಕೊಂಡರೆ ಮೊದಲು ಮೇನ್ ಆಫ್, ಆಮೇಲೆ ಮುಟ್ಟುವುದು. ಉಸಿರಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿಸಿ, ಎದೆ ನಡುವೆ ಎರಡೂ ಕೈಯಿಂದ 5-6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಿ, ಆಂಬುಲೆನ್ಸ್ ಬರುವವರೆಗೂ. ಕರೆಂಟ್ ಹೋದಾಗ ಪೆಟ್ರೋಲ್ ಎಂಜಿನ್ ಪಂಪು ಓಡಿಸುವವರು ಅದನ್ನು ಶೆಡ್ಡಿನ ಒಳಗೆ ಇಡಬೇಡಿ. ಅದರ ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ತಲೆನೋವು ಬಂದಾಗ ಬಿಸಿಲಿಗೆ ಎಂದುಕೊಂಡು ಒಳಗೇ ಮಲಗುತ್ತಾರೆ.

ಅದಿರಿನ ಟಿಪ್ಪರು ಬಂದಾಗ ಇನ್ನೊಂದು ಯಮಗಂಡ. ಬಾಡಿ ಎತ್ತಿಸಿ ಕೆಳಗೆ ಚಾಸಿ ಮೇಲಿನ ಕೆಂಪು ಕೆಸರು ತೊಳೆಯುತ್ತಾರೆ. ಎತ್ತಿ ಹಿಡಿದಿರುವುದು ಒಂದು ಹೈಡ್ರಾಲಿಕ್ ಜಾಕು, ಅದಕ್ಕೊಂದು ರಬ್ಬರ್ ಪೈಪು, ಒಂದು ಸೀಲು. ಪೈಪು ಒಡೆದರೆ, ಅಥವಾ ಕ್ಯಾಬಿನ್ನಿನಲ್ಲಿ ಯಾರೋ ಲಿವರ್ ತಾಕಿಸಿದರೆ, ಬಾಡಿ ಇಳಿಯಲು ಒಂದೆರಡು ಸೆಕೆಂಡು. ಹಾಗಾಗಿ ಕ್ರಮ ಹೀಗಿರಲಿ: ಲೋಡ್ ಪೂರ್ತಿ ಖಾಲಿ ಇರಬೇಕು, ಒಂದು ಮೂಲೆಯಲ್ಲಿ ಅಂಟಿದ ಅದಿರೂ ಇರಬಾರದು. ನೆಲ ಸಮತಟ್ಟು, ಚಕ್ರಕ್ಕೆ ಮುಂದೆ ಹಿಂದೆ ಕಟ್ಟೆ, ಹ್ಯಾಂಡ್ ಬ್ರೇಕ್. ಬಾಡಿ ಎತ್ತಿದ ಮೇಲೆ ಕಂಪನಿ ಕೊಟ್ಟ ಸೇಫ್ಟಿ ಪ್ರಾಪ್ (ಬಾಡಿ ಬೀಳದಂತೆ ಆನಿಸುವ ಕಂಬ) ಹಾಕಬೇಕು. ಬಾಡಿಯನ್ನು ಅದರ ಮೇಲೆ ಕೂರುವಂತೆ ನಿಧಾನ ಇಳಿಸಬೇಕು. ಮರದ ತುಂಡು, ಜಾಕಿ ರಾಡು ಪ್ರಾಪ್ ಅಲ್ಲ. ಎಂಜಿನ್ ಆಫ್, ಕೀಲಿಕೈ ಕೆಳಗೆ ಹೋಗುವವನ ಜೇಬಿನಲ್ಲಿ. ಡ್ರೈವರು ಗೊಣಗಿದರೆ ಗೊಣಗಲಿ. ಪ್ರಾಪ್ ಇಲ್ಲದ ಗಾಡಿಗೆ ಪಕ್ಕದಿಂದ ಲ್ಯಾನ್ಸ್ ಚಾಚಿ ಎಷ್ಟು ಸಿಗುತ್ತದೋ ಅಷ್ಟೇ ತೊಳೆಯಿರಿ.

ಎತ್ತುವ ಮೊದಲು ತಲೆ ಎತ್ತಿ ನೋಡಿ. ಸರ್ವಿಸ್ ಸ್ಟೇಷನ್ನುಗಳು ರಸ್ತೆ ಪಕ್ಕ, ಜೆಸ್ಕಾಂನ ಕರೆಂಟ್ ಲೈನುಗಳೂ ರಸ್ತೆ ಪಕ್ಕ. ಬಾಡಿ ತಂತಿಗೆ ತಾಗಿದರೆ ಡ್ರೈವರು ಕ್ಯಾಬಿನ್ನಿನಲ್ಲೇ ಕೂತಿರಬೇಕು, ಉಳಿದವರು ದೂರ ಸರಿಯಬೇಕು, ಲಾರಿ ಮುಟ್ಟಬಾರದು. ಬೆಂಕಿ ಹತ್ತಿ ಇಳಿಯಲೇಬೇಕಾದರೆ ಲಾರಿ ಮತ್ತು ನೆಲ ಒಟ್ಟಿಗೆ ಮುಟ್ಟದಂತೆ ಎರಡೂ ಕಾಲು ಜೋಡಿಸಿ ಜಿಗಿದು, ಕಾಲು ಕೂಡಿಸಿಕೊಂಡೇ ಕುಪ್ಪಳಿಸುತ್ತ ದೂರ ಹೋಗಬೇಕು. ಮೂಲೆಯಲ್ಲಿ ಗಟ್ಟಿಯಾದ ಅದಿರಿನ ಹೆಂಟೆಯೂ ಸಣ್ಣದಲ್ಲ. ಹೆಮಟೈಟ್ ಒಂದು ಲೀಟರ್ ಗಾತ್ರಕ್ಕೆ ಐದು ಕೆ.ಜಿ. ತೂಗುವ ಕಲ್ಲು. ತೆಂಗಿನಕಾಯಿಯಷ್ಟು ಹೆಂಟೆ ಮೇಲಿಂದ ಬಿದ್ದರೂ ತಲೆಗೆ ಹೆಲ್ಮೆಟ್ ಬೇಕು. ಜಾಕಿನ ಪೈಪು ಸೋರುತ್ತಿದೆಯೇ ಎಂದು ಬೆರಳಿಂದ ಸವರಿ ನೋಡಬೇಡಿ, ರಟ್ಟಿನ ತುಂಡು ಹಿಡಿಯಿರಿ. ಅಲ್ಲಿ ಚಿಮ್ಮುವ ಎಣ್ಣೆಯ ಗಾಯ ನೀರಿನದಕ್ಕಿಂತ ಕೆಟ್ಟದ್ದು.

ಡೀಸೆಲ್ ಟ್ಯಾಂಕರುಗಳ ಒಳಗನ್ನು ಮಾತ್ರ ಯಾವ ಕಾರಣಕ್ಕೂ ವಾಟರ್ ಸರ್ವಿಸ್‌ನಲ್ಲಿ ತೊಳೆಯಬೇಡಿ. ಒಳಗೆ ಉಸಿರಾಡಲು ಗಾಳಿ ಇರುವುದಿಲ್ಲ ಅನ್ನುವುದು ಒಂದು. ಇನ್ನೊಂದು ಕಡಿಮೆ ಜನಕ್ಕೆ ಗೊತ್ತು: ಜೋರು ಧಾರೆಯ ತುಂತುರಿನಲ್ಲೇ ಸ್ಥಿರ ವಿದ್ಯುತ್ ಹುಟ್ಟುತ್ತದೆ. 1969ರ ಡಿಸೆಂಬರಿನಲ್ಲಿ ಮೂರು ದೈತ್ಯ ತೈಲ ಹಡಗುಗಳು ಖಾಲಿ ಟ್ಯಾಂಕು ತೊಳೆಯುವಾಗ ಒಂದರ ಹಿಂದೊಂದು ಸ್ಫೋಟಗೊಂಡವು; ತನಿಖೆ ಬೊಟ್ಟುಮಾಡಿದ್ದು ಈ ಕಿಡಿಯನ್ನೇ. ಅದಕ್ಕೆ ಬೇರೆ ಪರಿಣತರಿದ್ದಾರೆ, ಅವರಿಗೇ ಬಿಡಿ.

ಕೆಮಿಕಲ್ಲುಗಳಲ್ಲಿ ಹೆಸರಿಲ್ಲದ ಕ್ಯಾನುಗಳೇ ಅಪಾಯ. "ಆಸಿಡ್ ಕೊಡಿ" ಎಂದರೆ ಅಂಗಡಿಯವರು ಕೊಡುವುದು ಹೈಡ್ರೋಕ್ಲೋರಿಕ್ ಇರಬಹುದು, ತುಕ್ಕಿನ ಕಲೆಗೆ ಆಕ್ಸಾಲಿಕ್ ಇರಬಹುದು, ಅಲ್ಯೂಮಿನಿಯಂ ಹೊಳೆಯಿಸುವ ದ್ರಾವಣವಾದರೆ ಅದರಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಇರಬಹುದು. ಕೊನೆಯದು ಕೈಗೆ ಬಿದ್ದಾಗ ಉರಿಯದೇ ಇರಬಹುದು, ಗಂಟೆಗಳ ನಂತರ ಮೂಳೆ ಸುಡುವ ನೋವು. ಮೈಯ ಕ್ಯಾಲ್ಸಿಯಂ ಅನ್ನೇ ಕಟ್ಟಿಹಾಕುತ್ತದೆ, ಹೃದಯಕ್ಕೂ ಬಾಧೆ. ಅದಕ್ಕೆ 2.5 ಶೇಕಡಾ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಬೇಕು. ಅದನ್ನು ಇಟ್ಟುಕೊಳ್ಳಲಾಗದಿದ್ದರೆ ಆ ದ್ರಾವಣ ಕೊಳ್ಳಲೇಬೇಡಿ, ಡಿಸ್ಕು ಅಷ್ಟು ಹೊಳೆಯದಿದ್ದರೆ ಲೋಕ ಮುಳುಗುವುದಿಲ್ಲ. ಉಳಿದ ಆಸಿಡ್, ಕಾಸ್ಟಿಕ್ ಬಿದ್ದರೆ 20 ನಿಮಿಷ ಹರಿಯುವ ನೀರು, ನಲ್ಲಿಯದು, ಗನ್ನಿನದಲ್ಲ. ಆಸಿಡ್ಡಿಗೆ ನೀರು ಸುರಿಯಬೇಡಿ, ನೀರಿಗೆ ಆಸಿಡ್ ಹಾಕಿ. ಬ್ಲೀಚಿಂಗ್ ಪೌಡರು ಮತ್ತು ಆಸಿಡ್ ಒಂದೇ ಬಕೆಟ್ಟಿಗೆ ಹೋದರೆ ಕ್ಲೋರಿನ್ ಗ್ಯಾಸು. ಚಾಸಿಗೆ ಡೀಸೆಲ್, ಸುಟ್ಟ ಆಯಿಲ್ ಸ್ಪ್ರೇ ಹೊಡೆಯುವ ಪದ್ಧತಿ ಇನ್ನೂ ಇದೆ. ಆ ಮಂಜು ಶ್ವಾಸಕೋಶಕ್ಕೂ ಬೇಡ, ಬಿಸಿ ಸೈಲೆನ್ಸರಿಗೂ ಬೇಡ.

ಬೂದಿ ಲಾರಿ, ಸಿಮೆಂಟ್ ಗಾಡಿ ತೊಳೆಯುವಾಗ ಮೊದಲು ಕಮ್ಮಿ ಒತ್ತಡದಲ್ಲಿ ನೆನೆಸಿ, ಆಮೇಲೆ ಧಾರೆ. ಒಣ ಬೂದಿಗೆ ನೇರ ಹೊಡೆದರೆ ಸಿಲಿಕಾ ಇರುವ ಧೂಳು ಮುಖಕ್ಕೇ ಏಳುತ್ತದೆ. ಎನ್95 ಒದ್ದೆಯಾದರೆ ಉಸಿರು ಕಟ್ಟುತ್ತದೆ, ದಿನಕ್ಕೆ ಎರಡು ಮೂರು ಬದಲಿಸಬೇಕು. ಹಸಿ ಸಿಮೆಂಟು ಗಂಬೂಟಿನ ಒಳಗೆ ಇಳಿದರೆ ಸಂಜೆ ಹೊತ್ತಿಗೆ ಚರ್ಮ ಸುಟ್ಟಿರುತ್ತದೆ, ಆದ್ದರಿಂದ ಪ್ಯಾಂಟು ಬೂಟಿನ ಹೊರಗೆ ಇರಲಿ, ಒಳಗೆ ಸೇರಿಸಬೇಡಿ. ಕಂಪ್ರೆಸರ್ ಗಾಳಿಯಿಂದ ಬಟ್ಟೆಯ ಧೂಳು ಊದಿಕೊಳ್ಳುವುದು, ತಮಾಷೆಗೆ ಒಬ್ಬರಿಗೊಬ್ಬರು ಹಿಡಿಯುವುದು ಪೂರ್ತಿ ನಿಲ್ಲಬೇಕು.

ಸಂಪಿನ ನೀರನ್ನೇ ತಿರುಗಿ ಬಳಸುವ ಕಡೆ ಇಲಿಗಳಿದ್ದರೆ ಇಲಿ ಜ್ವರದ ಭಯ. ಕಾಲಲ್ಲಿ ಗಾಯ ಇರುವವನು ಗಂಬೂಟಿಲ್ಲದೆ ಆ ನೀರಿಗೆ ಇಳಿಯಬಾರದು. ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಕಂಡರೆ ಡಾಕ್ಟರಿಗೆ "ಸರ್ವಿಸ್ ಸ್ಟೇಷನ್ ಕೆಲಸ" ಎಂದು ಹೇಳಬೇಕು. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಮೈ ಒದ್ದೆ ಇರುವುದರಿಂದ ಬೆವರಿದ್ದು ಗೊತ್ತೇ ಆಗುವುದಿಲ್ಲ. 20 ನಿಮಿಷಕ್ಕೊಂದು ಲೋಟ ನೀರು. ಒಂದು ಲೀಟರಿಗೆ ಆರು ಮಟ್ಟದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಇಡಿ. ಮಧ್ಯಾಹ್ನ 12ರಿಂದ 3ರವರೆಗೆ ನೆರಳಿನ ಕೆಲಸ ಕೊಡಿ. ಮಾತು ತೊದಲಿ ಮೈ ಕಾದವನನ್ನು ಮಲಗಿಸಿ ಅದೇ ಪೈಪಿನ ನೀರು ಹರಿಸಿ, ಗನ್ ತೆಗೆದು.

ರಾತ್ರಿ ಮುಚ್ಚುವಾಗ ಮೋಟಾರು ಆಫ್ ಮಾಡಿದರೆ ಮುಗಿಯಲಿಲ್ಲ, ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ. ನೀರಿನ ವಾಲ್ವು ಮುಚ್ಚಿ, ಗನ್ನನ್ನು ನೆಲಕ್ಕೆ ಹಿಡಿದು ಗೇಜ್ ಸೊನ್ನೆಗೆ ಬರುವವರೆಗೆ ಟ್ರಿಗರ್ ಒತ್ತಿ. ಅನಂತರವೇ ನಾಜಲ್ ಬಿಚ್ಚುವುದು. ಟ್ರಿಗರಿನ ಲಾಕ್ ಹಾಕಿ, ಗನ್ನು ಒಳಗಿಟ್ಟು, ಮೇನ್ ಸ್ವಿಚ್ಚಿಗೆ ಬೀಗ ಹಾಕಿ. ಬೆಳಿಗ್ಗೆ ಶಾಲೆಗೆ ಹೋಗುವ ಮಕ್ಕಳಿಗೆ ಅದು ಹೋಳಿಯ ಪಿಚಕಾರಿಯಂತೆಯೇ ಕಾಣುತ್ತದೆ.